ಡಬ್ಬಿಯಲ್ಲಿಟ್ಟ ಬೀಜಕ್ಕೆ ಬಡ್ಡಿ ಬರುವುದಿಲ್ಲ

ಕಷ್ಟಕಾಲಕ್ಕೆ ಇರಲಿ ಅಂತ ಮನೆಯಲ್ಲಿ ಬೀಜ ಕೂಡಿಡಬೇಕು ಅನ್ನುವವರು ನನ್ನ ಪರಿಚಯದವರಲ್ಲೇ ಈಚೆಗೆ ಹೆಚ್ಚುತ್ತಿದ್ದಾರೆ. ಕೂಡಿಡಬೇಕು ಅನ್ನುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹೇಗೆ ಕೂಡಿಡಬೇಕು ಅನ್ನುವಲ್ಲಿ ಮಾತ್ರ ತಕರಾರು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಬೇರೆಯವರ ಉಳಿತಾಯ ನೋಡಿಕೊಂಡವನಿಗೆ ಈ ವಿಷಯದಲ್ಲಿ ಒಂದೆರಡು ಮಾತು ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ!

ಪರಿಚಯದ ಹಿರಿಯರೊಬ್ಬರು ಇಂಟರ್ನೆಟ್ಟಿನಲ್ಲಿ ಆರ್ಡರ್ ಮಾಡಿ ಒಂದು ತಗಡಿನ ಡಬ್ಬಿ ತರಿಸಿಕೊಂಡಿದ್ದಾರೆ. ಒಳಗೆ ಮೂವತ್ತು ಬಗೆಯ ಬೀಜ. ಡಬ್ಬಿಯ ಮೇಲೆ ‘ಇಪ್ಪತ್ತು ವರ್ಷ ಬಾಳುತ್ತದೆ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಪಟ್ಟಿ ಓದಿದೆ. ಬ್ರಕೋಲಿ, ಬೀಟ್‌ರೂಟ್, ಲೆಟ್ಯೂಸ್... ನಮ್ಮ ಚೆನ್ನೈಯ ಮೇ ತಿಂಗಳ ಬಿಸಿಲಿನಲ್ಲಿ ಬ್ರಕೋಲಿ! ಅವರು ಅದನ್ನು ಬೀರುವಿನಲ್ಲಿ, ಮನೆಯ ದಾಖಲೆ ಪತ್ರಗಳ ಪಕ್ಕದಲ್ಲಿ ಇಟ್ಟಿದ್ದಾರೆ. “ನೀವು ಬ್ಯಾಂಕಿನವರು, ಹೇಳಿ. ಇದೊಂದು ಫಿಕ್ಸೆಡ್ ಡಿಪಾಸಿಟ್ ಇದ್ದ ಹಾಗೆ ಅಲ್ಲವಾ?” ಎಂದು ಕೇಳಿದರು. ಅವರಿಗೆ ಅಂದು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಅವರ ಭಯ ನಗುವಂಥದ್ದಲ್ಲ. 2015ರ ಡಿಸೆಂಬರ್ 1ರ ಮಳೆಯನ್ನು ಇಲ್ಲಿದ್ದವರು ಮರೆಯಲು ಸಾಧ್ಯವಿಲ್ಲ. ತಾಂಬರಂನಲ್ಲಿ 24 ಗಂಟೆಯಲ್ಲಿ 49 ಸೆಂಟಿಮೀಟರ್ ಮಳೆ. ಅಡ್ಯಾರ್ ನದಿ ಮನೆಗಳೊಳಗೆ ಬಂತು. ಕರೆಂಟಿಲ್ಲ, ಫೋನಿಲ್ಲ, ವಿಮಾನವಿಲ್ಲ. 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆ ಮರುದಿನ ಚೆನ್ನೈಯಲ್ಲಿ ಅಚ್ಚಾಗಲೇ ಇಲ್ಲ. ಎಟಿಎಂಗಳೆಲ್ಲ ಕತ್ತಲೆ. ಪಾಸ್‌ಬುಕ್ಕಿನಲ್ಲಿ ಲಕ್ಷ ಇದೆ, ಮನೆಯಲ್ಲಿ ಮಗುವಿಗೆ ಹಾಲಿಲ್ಲ ಅನ್ನುವ ಗ್ರಾಹಕರಿಗೆ ಯಾವ ಸಮಾಧಾನ ಹೇಳುವುದು? 2020ರ ಮೇಯಲ್ಲಿ ಕೊರೊನಾದಿಂದ ಕೋಯಂಬೇಡು ಮಾರುಕಟ್ಟೆಯನ್ನೇ ಮುಚ್ಚಿದರು. ಇಷ್ಟು ದೊಡ್ಡ ಊರಿನ ತರಕಾರಿಯೆಲ್ಲ ಆ ಒಂದೇ ಬಾಗಿಲಿನಿಂದ ಬರುತ್ತಿತ್ತು ಅನ್ನುವುದು ಹಲವರಿಗೆ ಗೊತ್ತಾದದ್ದು ಆಗಲೇ. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚ್ಚೇರಿ, ಪಳ್ಳಿಕರಣೆ ಕಡೆಯವರು ಮತ್ತೆ ನೀರಿನ ನಡುವೆ ಹಾಲಿಗಾಗಿ ಕಾದರು. ಎಂಟು ವರ್ಷದಲ್ಲಿ ಮೂರು ಸಲ! ಹೀಗಿರುವಾಗ ಒಬ್ಬ ಮನುಷ್ಯ ಏನಾದರೂ ಕೂಡಿಡುತ್ತೇನೆ ಅಂದರೆ ಅವನು ಬುದ್ಧಿವಂತ.

ಆದರೆ ಈ ಮೂರೂ ಸಲ ಬೀಜದ ಡಬ್ಬಿ ಕೈಯಲ್ಲಿದ್ದಿದ್ದರೆ ಏನು ಉಪಯೋಗವಾಗುತ್ತಿತ್ತು? ಪ್ರವಾಹದ ಐದು ದಿನಕ್ಕೆ ಬೇಕಾದದ್ದು ಅವಲಕ್ಕಿ, ಹುರಿಗಡಲೆ, ಬೆಲ್ಲ, ಕುಡಿಯುವ ನೀರು, ಒಂದು ತುಂಬಿದ ಗ್ಯಾಸ್ ಸಿಲಿಂಡರು. ಬೀಜ ಬಿತ್ತಿ ಕಾಯುವ ಸಮಯ ಅದಲ್ಲ. ಹದಿನೈದು ದಿನಕ್ಕಾಗುವಷ್ಟು ಅಕ್ಕಿ, ಬೇಳೆ, ಎಣ್ಣೆ ಮನೆಯಲ್ಲಿರಬೇಕು. ಹಳೆಯದನ್ನು ಬಳಸುತ್ತಾ ಹೊಸದನ್ನು ಹಿಂದೆ ಸೇರಿಸುತ್ತಾ ಹೋಗಬೇಕು. ಇದು ಕೈಯಲ್ಲಿರುವ ನಗದು ಇದ್ದ ಹಾಗೆ. ಇದಿಲ್ಲದೆ ಬೀಜ ಕೂಡಿಡಲು ಹೊರಡುವುದು ಜೇಬಿನಲ್ಲಿ ಬಸ್ ಚಾರ್ಜಿಗೆ ಚಿಲ್ಲರೆ ಇಲ್ಲದೆ ನಿವೇಶನ ಕೊಂಡ ಹಾಗೆ.

ಕೋಯಂಬೇಡು ಮುಚ್ಚಿದಂಥ ಒಂದೆರಡು ತಿಂಗಳ ತೊಂದರೆ ಬಂದರೆ ಬೀಜಕ್ಕೆ ಸ್ವಲ್ಪ ಕೆಲಸವಿದೆ. ಹೆಸರುಕಾಳು ನೆನೆಹಾಕಿದರೆ ಎರಡೇ ದಿನದಲ್ಲಿ ಮೊಳಕೆ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ವಿಟಮಿನ್ ಸಿ ಮೊಳಕೆಯಲ್ಲಿ ಹುಟ್ಟಿಕೊಳ್ಳುತ್ತದೆ. ಇದಕ್ಕೆ ಮಣ್ಣೂ ಬೇಡ, ಬಿಸಿಲೂ ಬೇಡ. ಮೆಂತ್ಯ, ಹರಿವೆ ಮೂರು ನಾಲ್ಕು ವಾರದಲ್ಲಿ ಸಾರಿಗೆ ಬರುತ್ತವೆ. ಬಸಳೆಗೆ ಬೀಜವೇ ಬೇಡ, ದಂಟು ಊರಿದರೆ ಸಾಕು. ಗೆಣಸಿನ ಬಳ್ಳಿಯೂ ಹಾಗೆಯೇ. ಗೆಡ್ಡೆಗೆ ನಾಲ್ಕು ತಿಂಗಳು ಬೇಕಾದರೂ ಎಲೆಯನ್ನು ಮಧ್ಯದಲ್ಲೇ ಪಲ್ಯ ಮಾಡಬಹುದು.

ಇನ್ನು ಡಬ್ಬಿಯವರು ಹೆದರುವ ದೊಡ್ಡ ಕಷ್ಟ, ವರ್ಷಗಟ್ಟಲೆಯದ್ದು. ಅದಕ್ಕೊಂದು ಲೆಕ್ಕ ಮಾಡೋಣ. ಬಿಕಾಂ ಓದಿದವನ ಚಟ, ಸಹಿಸಿಕೊಳ್ಳಿ. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ ಒಂದು ಕಿಲೋ ಅಕ್ಕಿ ಎಂದರೆ ವರ್ಷಕ್ಕೆ 365 ಕಿಲೋ. ನೂರು ಕಿಲೋ ಭತ್ತಕ್ಕೆ 65 ಕಿಲೋ ಅಕ್ಕಿ ಬಂದರೂ 560 ಕಿಲೋ ಭತ್ತ ಬೇಕು. ನಾಟಿ ತಳಿ, ಎಕರೆಗೆ 12 ಕ್ವಿಂಟಾಲ್ ಎಂದು ಇಟ್ಟುಕೊಂಡರೆ ಬೇಕಾದ ಜಾಗ ಸುಮಾರು 19 ಗುಂಟೆ. ಚೆನ್ನೈ ಭಾಷೆಯಲ್ಲಿ ಹೇಳುವುದಾದರೆ ಎಂಟೂವರೆ ಗ್ರೌಂಡ್! ಒಂದು ಗ್ರೌಂಡ್ ಅಂದರೆ 2400 ಚದರಡಿ. ಇಲ್ಲಿ ಎಂಟೂವರೆ ಗ್ರೌಂಡ್ ಜಾಗ ಇರುವವನಿಗೆ ಅಕ್ಕಿಯ ಚಿಂತೆ ಯಾಕೆ ಸ್ವಾಮಿ? ನನ್ನ ಬಾಲ್ಕನಿ ನಲವತ್ತು ಚದರಡಿ. ಅದರಲ್ಲೂ ಅರ್ಧ ವಾಷಿಂಗ್ ಮಷೀನಿಗೆ ಹೋಗಿದೆ.

ಹಾಗಾದರೆ ಫ್ಲ್ಯಾಟಿನವನಿಗೆ ಬೀಜದ ಸಹವಾಸವೇ ಬೇಡವೇ? ಬೇಕು. ಯಾಕೆ ಬೇಕು ಅನ್ನುವುದಕ್ಕೆ ಬರುವ ಮೊದಲು ಡಬ್ಬಿಯ ಮೇಲಿನ ಆ ‘ಇಪ್ಪತ್ತು ವರ್ಷ’ದ ಮಾತನ್ನು ಸ್ವಲ್ಪ ನೋಡೋಣ.

ಬೀಜ ಅನ್ನುವುದು ನಿದ್ದೆಯಲ್ಲಿರುವ ಜೀವ. ನಿದ್ದೆಯಲ್ಲೂ ಅದು ಉಸಿರಾಡುತ್ತದೆ, ತನ್ನ ಬುತ್ತಿಯನ್ನು ತಾನೇ ತಿನ್ನುತ್ತದೆ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುವ ಗಾದೆ ಬೀಜಕ್ಕೂ ಸರಿಯೇ. ಸೆಕೆ ಮತ್ತು ತೇವ ಹೆಚ್ಚಾದಷ್ಟೂ ಬುತ್ತಿ ಬೇಗ ಖಾಲಿ. ಹ್ಯಾರಿಂಗ್ಟನ್ ಎಂಬ ಅಮೆರಿಕದ ಬೀಜ ವಿಜ್ಞಾನಿ ಇದಕ್ಕೆ ಸುಲಭದ ಸೂತ್ರ ಹೇಳಿದ್ದಾರೆ. ಬೀಜದ ತೇವಾಂಶ ಶೇಕಡಾ ಒಂದು ಇಳಿದರೆ ಆಯಸ್ಸು ಎರಡರಷ್ಟು. ಉಷ್ಣತೆ ಐದು ಡಿಗ್ರಿ ಸೆಲ್ಸಿಯಸ್ ಇಳಿದರೆ ಮತ್ತೆ ಎರಡರಷ್ಟು. ಚಕ್ರಬಡ್ಡಿಯೇ! ಇನ್ನೊಂದು ಸೂತ್ರ ಇನ್ನೂ ಸರಳ. ಫ್ಯಾರನ್‌ಹೀಟಿನಲ್ಲಿ ಉಷ್ಣತೆ ಮತ್ತು ಗಾಳಿಯ ತೇವದ ಶೇಕಡಾ, ಎರಡನ್ನೂ ಕೂಡಿದರೆ ನೂರು ದಾಟಬಾರದು. ಚೆನ್ನೈಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಎಂದರೆ 86 ಫ್ಯಾರನ್‌ಹೀಟ್. ತೇವ 75. ಮೊತ್ತ 161. ಅಂದರೆ ನಮ್ಮ ಬೀರು ಬೀಜಕ್ಕೆ ಉಗ್ರಾಣವಲ್ಲ, ಇಡ್ಲಿ ಪಾತ್ರೆ! ಡಬ್ಬಿಗೆ ಗಾಳಿಯಾಡದಂತೆ ಸೀಲ್ ಹಾಕಿದ್ದರೆ ತೇವದ ಕಾಟ ತಪ್ಪುತ್ತದೆ, ನಿಜ. ಸೆಕೆ ತಪ್ಪುವುದಿಲ್ಲ. ಸೀಲ್ ಒಡೆದ ಮೇಲೆ ಎರಡೂ ತಪ್ಪುವುದಿಲ್ಲ. ಈರುಳ್ಳಿ ಬೀಜ ಇಂಥ ಹವೆಯಲ್ಲಿ ಒಂದು ವರ್ಷ ತಡೆದರೆ ಪುಣ್ಯ.

ಹಾಗಾಗಿ ನನ್ನ ಹಿರಿಯ ಮಿತ್ರರಿಗೆ ಹೇಳಿದ್ದು ಇಷ್ಟೇ. ಇದು ಫಿಕ್ಸೆಡ್ ಡಿಪಾಸಿಟ್ ಅಲ್ಲ. ಇಟ್ಟಲ್ಲೇ ಬಿಟ್ಟರೆ ಅಸಲೇ ಕರಗುವ ಖಾತೆ ಇದು. ಬಡ್ಡಿ ಬರಬೇಕಾದರೆ ಬೀಜವನ್ನು ಮಣ್ಣಿಗೆ ಹಾಕಬೇಕು, ಮತ್ತೆ ಬೀಜ ತೆಗೆಯಬೇಕು. ಬೇರೆ ದಾರಿಯೇ ಇಲ್ಲ.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ಕಾಸರಗೋಡಿನಲ್ಲೇ ಇದ್ದಾರೆ. ನಮ್ಮ ಎಂದೆ, ಯಾಕೆಂದರೆ ನಾನು ಆ ಕಡೆಯವನು. (1956ರವರೆಗೆ ನಮಗೆ ರಾಜಧಾನಿ ಇದೇ ಮದರಾಸು. ನಾವು ವಲಸೆ ಬಂದದ್ದೋ, ರಾಜಧಾನಿಯೇ ನಮ್ಮನ್ನು ಬಿಟ್ಟು ಹೋದದ್ದೋ, ಆ ಮಾತು ಇನ್ನೊಮ್ಮೆ.) ನೆಟ್ಟಣಿಗೆಯ ಸತ್ಯನಾರಾಯಣ ಬೇಳೇರಿ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಾರೆ. 2024ರಲ್ಲಿ ಪದ್ಮಶ್ರೀ ಬಂತು. ರಾಜಕಯಮೆ ಅನ್ನುವ ತಳಿ ಕೇರಳ, ಕರ್ನಾಟಕ, ತಮಿಳುನಾಡುಗಳ ರೈತರಿಗೆ ತಲುಪಿದ್ದು ಅವರಿಂದ. ಇಷ್ಟು ತಳಿ ಉಳಿಸಲು ಎಷ್ಟು ಎಕರೆ ಗದ್ದೆ ಬೇಕು ಅಂದುಕೊಂಡಿರಿ? ಅವರು ಹಿಡಿದದ್ದು ಪಾಲಿಥೀನ್ ಚೀಲದ ದಾರಿ. ಮಣ್ಣು ತುಂಬಿದ ಚೀಲಗಳಲ್ಲಿ ಭತ್ತದ ಗಿಡ. ಒಂದೊಂದು ತಳಿಗೂ ಕೆಲವು ಚೀಲ. ತೆನೆ ಬಲಿತ ಮೇಲೆ ಬೀಜ ತೆಗೆದು ಜೋಪಾನ ಮಾಡುವುದು, ಮತ್ತೆ ಬಿತ್ತುವುದು.

ನನಗೆ ಕಣ್ಣು ತೆರೆಸಿದ್ದು ಆ ಚೀಲ. ಒಂದು ಚೀಲದ ಭತ್ತ ಒಬ್ಬನ ಒಂದು ಹೊತ್ತಿನ ಊಟಕ್ಕೂ ಸಾಲದು. ಆದರೆ ಒಂದು ತಳಿಯನ್ನು ಭೂಮಿಯ ಮೇಲೆ ಇನ್ನೊಂದು ವರ್ಷ ಉಳಿಸಲು ಅದು ಸಾಕು. ಹೊಟ್ಟೆ ತುಂಬಿಸಲು ಎಂಟೂವರೆ ಗ್ರೌಂಡ್ ಬೇಕು, ಬೀಜ ಉಳಿಸಲು ನಲವತ್ತು ಚದರಡಿ ಸಾಕು! ಫ್ಲ್ಯಾಟಿನವನ ಕೆಲಸ ಏನು ಅನ್ನುವುದು ಇಲ್ಲಿ ಸ್ಪಷ್ಟವಾಗುತ್ತದೆ. ನಮ್ಮ ಬಾಲ್ಕನಿ ನಮಗೆ ಅನ್ನ ಹಾಕುವುದಿಲ್ಲ. ಅನ್ನ ಹಾಕುವವರ ಬೀಜದ ಒಂದು ನಕಲು ಪ್ರತಿಯನ್ನು ಅದು ಕಾಪಾಡಬಲ್ಲದು.

ನಕಲು ಪ್ರತಿಯ ಬೆಲೆ ಬ್ಯಾಂಕಿನವರಿಗೆ ಚೆನ್ನಾಗಿ ಗೊತ್ತು. ಬೀಜದ ಲೋಕದವರಿಗೂ ಗೊತ್ತು. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದಲ್ಲಿ 2008ರಲ್ಲಿ ಹಿಮದ ಬೆಟ್ಟ ಕೊರೆದು ಜಗತ್ತಿನ ಬೀಜಗಳಿಗೊಂದು ಉಗ್ರಾಣ ತೆರೆದರು. ಒಳಗೆ ಮೈನಸ್ 18 ಡಿಗ್ರಿ. ಸಿರಿಯಾದ ಅಲೆಪ್ಪೊ ಬಳಿ ಇದ್ದ ಇಕಾರ್ಡಾ ಸಂಸ್ಥೆಯ ಬೀಜ ಸಂಗ್ರಹ ಅಂತರ್ಯುದ್ಧದಿಂದ ಕೈತಪ್ಪಿದಾಗ, ಆ ಸಂಸ್ಥೆಯವರು ತಾವು ಮೊದಲೇ ಸ್ವಾಲ್‌ಬಾರ್ಡಿನಲ್ಲಿ ಇಟ್ಟಿದ್ದ ನಕಲನ್ನು 2015ರಲ್ಲಿ ಹಿಂದಕ್ಕೆ ಪಡೆದರು. ಆ ಉಗ್ರಾಣದಿಂದ ಬೀಜ ಹೊರಬಂದದ್ದು ಅದೇ ಮೊದಲು. ಅವರು ಅದನ್ನು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬಿತ್ತಿ ಬೆಳೆದು 2017ರಲ್ಲಿ ಮತ್ತೆ ಸ್ವಾಲ್‌ಬಾರ್ಡಿಗೆ ಬೀಜ ಕಳಿಸಿಕೊಟ್ಟರು. ಪಡೆದರು, ಬೆಳೆದರು, ಹಿಂದಿರುಗಿಸಿದರು. ಅಂಥ ಹಿಮದ ಉಗ್ರಾಣದ ಸುರಂಗಕ್ಕೂ 2016ರಲ್ಲಿ ಹಿಮ ಕರಗಿ ನೀರು ನುಗ್ಗಿತು. ಬೀಜಕ್ಕೆ ಏನೂ ಆಗಲಿಲ್ಲ. ಆದರೆ ಎಲ್ಲವನ್ನೂ ಒಂದೇ ಕಡೆ ಇಡಬಾರದು ಅನ್ನುವುದು ಅದರಿಂದಲೂ ತಿಳಿಯುತ್ತದೆ.

ಅಷ್ಟು ದೂರ ಯಾಕೆ? ನಮ್ಮ ಮನೆಯಲ್ಲೇ ಸಣ್ಣ ಮಟ್ಟದಲ್ಲಿ ಇದು ನಡೆದಿದೆ. ಅಮ್ಮನ ಕಾಲದಿಂದ ಊರಿನಲ್ಲಿ ಒಂದು ಕೆಂಪು ಅಲಸಂಡೆ ಇತ್ತು. ಅಮ್ಮ ಅದರ ಬೀಜವನ್ನು ಒಲೆಯ ಬೂದಿ ಬೆರೆಸಿ ಬಾಟಲಿಯಲ್ಲಿ ಇಡುತ್ತಿದ್ದರು. ಹೀರೆಕಾಯಿ ಬಲಿತು ಒಣಗಿದ್ದನ್ನು ಇಡಿಯಾಗಿ ಒಲೆಯ ಮೇಲಿನ ಅಟ್ಟಕ್ಕೆ, ಹೊಗೆ ತಾಗುವಲ್ಲಿ ಕಟ್ಟುತ್ತಿದ್ದರು. ಬಲಿತ ಸೌತೆಕಾಯಿಗಳು ಮಾಡಿನಿಂದ ಸಾಲಾಗಿ ನೇತಾಡುತ್ತಿದ್ದವು. ಭತ್ತದ ಬೀಜ ಹುಲ್ಲಿನ ಮುಡಿಯೊಳಗೆ ಬೆಚ್ಚಗೆ ಇರುತ್ತಿತ್ತು. ಈಗ ಒಲೆಯೂ ಇಲ್ಲ, ಹೊಗೆಯೂ ಇಲ್ಲ, ಗದ್ದೆ ಅಡಕೆ ತೋಟವಾಗಿದೆ. ಅಲಸಂಡೆಯನ್ನು ಮಾತ್ರ ಅತ್ತಿಗೆ ಬಿಡದೆ ಬೆಳೆಸುತ್ತಾ ಬಂದಿದ್ದರು.

ಕೆಲವು ವರ್ಷಗಳ ಹಿಂದೆ ಅತ್ತಿಗೆಯ ಫೋನ್ ಬಂತು. “ಈ ಸಲ ಮಂಗಗಳು ಒಂದು ಕೋಡು ಬಿಡಲಿಲ್ಲ. ಬೀಜಕ್ಕೆ ಅಂತ ಇಟ್ಟದ್ದು ಕೂಡ ಹುಳ ಹಿಡಿದು ಹೋಯಿತು. ನಿಮ್ಮಲ್ಲಿ ಸ್ವಲ್ಪ ಉಂಟಾ?” ಉಂಟು! ನನ್ನ ಹೆಂಡತಿ ಒಮ್ಮೆ ಊರಿನಿಂದ ತಂದದ್ದನ್ನು ತಾರಸಿಯ ಕುಂಡಗಳಲ್ಲಿ ಹಾಕಿ, ಬೀಜ ತೆಗೆದು, ಹಾರ್ಲಿಕ್ಸ್ ಬಾಟಲಿಯಲ್ಲಿ ಫ್ರಿಜ್ಜಿನ ಒಳಗೆ ಇಟ್ಟಿದ್ದಳು. ನಲವತ್ತು ಬೀಜ ಕೊರಿಯರ್ ಮಾಡಿದೆವು. 26 ಮೊಳೆತವು. ಅಮ್ಮ ಹೋಗಿ ಎಷ್ಟೋ ವರ್ಷವಾಯಿತು. ಆ ನಲವತ್ತು ಬೀಜ ಇಲ್ಲದಿದ್ದರೆ ಅವರ ಅಲಸಂಡೆಯೂ ಹೋಗುತ್ತಿತ್ತು. ಅಂಗಡಿಯಲ್ಲಿ ಅಲಸಂಡೆ ಬೀಜ ಸಿಗುವುದಿಲ್ಲ ಎಂದಲ್ಲ. ಆ ಅಲಸಂಡೆ ಸಿಗುವುದಿಲ್ಲ.

ಮಾಡುವುದು ಹೇಗೆ? ನಮ್ಮ ಮನೆಯಲ್ಲಿ ನಡೆಯುವ ಕ್ರಮ ಬರೆಯುತ್ತೇನೆ.

ಹೈಬ್ರಿಡ್ ಬೀಜ ಕೂಡಿಡಬೇಡಿ. ಪೊಟ್ಟಣದ ಮೇಲೆ ಎಫ್-1 ಎಂದಿದ್ದರೆ ಅದರ ಮಕ್ಕಳು ತಾಯಿಯ ಹಾಗೆ ಬರುವುದಿಲ್ಲ. ಕುಂಡದಲ್ಲಿ ಉಳಿಸಲು ತಮ್ಮ ಹೂವಿನಲ್ಲೇ ತಾವು ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡಗಳೇ ಸುಲಭ. ಅಲಸಂಡೆ, ಬೀನ್ಸ್, ಟೊಮೆಟೊ, ಮೆಂತ್ಯ. ಕುಂಬಳ, ಸೌತೆ ಪಕ್ಕದ ಮನೆಯದರ ಜೊತೆ ಬೆರೆತುಹೋಗುತ್ತವೆ. ಮೆಕ್ಕೆಜೋಳದಂಥದ್ದಕ್ಕೆ ನೂರಾರು ಗಿಡ ಬೇಕು, ಅದು ಹೊಲದವರ ಕೆಲಸ. ಹಲಸು, ಮಾವಿನ ಬೀಜವನ್ನು ಒಣಗಿಸಿದರೆ ಸತ್ತೇಹೋಗುತ್ತದೆ, ಅವಕ್ಕೆ ಗಿಡವೇ ಉಗ್ರಾಣ. ಅಂಗಡಿಯ ಬಿತ್ತನೆ ಬೀಜಕ್ಕೆ ಗುಲಾಬಿ, ನೀಲಿ ಬಣ್ಣ ಬಳಿದಿದ್ದರೆ ಅದು ಔಷಧ ಹಾಕಿದ್ದು. ಯಾವ ಕಷ್ಟಕಾಲದಲ್ಲೂ ಅದನ್ನು ತಿನ್ನಬಾರದು.

ಒಣಗಿಸುವುದು ನೆರಳಿನಲ್ಲಿ, ಗಾಳಿಯಲ್ಲಿ. ಚೆನ್ನೈಯ ತಾರಸಿಯ ಸಿಮೆಂಟಿನ ಮೇಲೆ ಮೇ ತಿಂಗಳಲ್ಲಿ ಹರಡಿದರೆ ಬೀಜ ಬೆಂದುಹೋಗುತ್ತದೆ. ಒಣಗಿದ ಅಲಸಂಡೆ ಬೀಜವನ್ನು ಕುಟ್ಟಿದರೆ ಪುಡಿಯಾಗಬೇಕು, ಜಜ್ಜಿದಂತಾಗಬಾರದು. ನಮ್ಮ ತೇವದ ಗಾಳಿಯಲ್ಲಿ ಅಷ್ಟು ಒಣಗುವುದು ಕಷ್ಟ. ಅದಕ್ಕೆ ಒಂದು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಮುಚ್ಚಿದ ಡಬ್ಬಿಯಲ್ಲೇ ಆರಲು ಬಿಟ್ಟು, ಬಟ್ಟೆಯಲ್ಲಿ ಕಟ್ಟಿ ಬಾಟಲಿಯ ತಳಕ್ಕೆ ಹಾಕಿ. ಅದರ ಮೇಲೆ ಕಾಗದದ ಪೊಟ್ಟಣದಲ್ಲಿ ಬೀಜ. ಹುರಿದ ಅಕ್ಕಿ ತೇವ ಹೀರುತ್ತದೆ. ಸಿಲಿಕಾ ಜೆಲ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಬಿಗಿ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡಿ. ಹೊರತೆಗೆದ ಕೂಡಲೇ ಮುಚ್ಚಳ ತೆಗೆಯಬೇಡಿ, ತಣ್ಣನೆ ಬೀಜದ ಮೇಲೆ ನೀರು ಕೂರುತ್ತದೆ. ಬಾಟಲಿಯ ಚಳಿ ಬಿಟ್ಟ ಮೇಲೆ ತೆರೆಯಿರಿ.

ಪ್ರತಿ ಪೊಟ್ಟಣದ ಮೇಲೆ ಹೆಸರು, ಊರು, ತಾರೀಖು, ಕೊಟ್ಟವರು ಯಾರು ಎಂದು ಬರೆಯಿರಿ. ಹೆಸರಿಲ್ಲದ ಬೀಜ ಸಹಿ ಇಲ್ಲದ ಚೆಕ್ಕು!

ವರ್ಷಕ್ಕೊಮ್ಮೆ ಆಡಿಟ್ ಆಗಬೇಕು. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ವಾರದಲ್ಲಿ ಎಷ್ಟು ಮೊಳೆತವು ಎಣಿಸಿ. ಎಂಟು, ಒಂಬತ್ತು ಬಂದರೆ ಚಿಂತೆಯಿಲ್ಲ. ಆರಕ್ಕಿಂತ ಕಡಿಮೆಯಾದರೆ ಆ ವರ್ಷವೇ ಬಿತ್ತಿ ಹೊಸ ಬೀಜ ತೆಗೆಯಬೇಕು. ನಮ್ಮ ಹಿರಿಯರು ಮದುವೆ, ಉಪನಯನಗಳಲ್ಲಿ ಪಾಲಿಕೆಗಳಲ್ಲಿ ಧಾನ್ಯ ಮೊಳೆಸುವ ಅಂಕುರಾರ್ಪಣೆ ಮಾಡುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೆ ಈ ಆಡಿಟ್ ನೆನಪಾಗುತ್ತದೆ. ‘ಆಡಿಪಟ್ಟಂ ತೇಡಿ ವಿದೈ’ ಎಂಬ ತಮಿಳು ಗಾದೆಯಿದೆ. ಆಡಿ ಮಾಸದ ಹದ ನೋಡಿ ಬಿತ್ತು ಎಂದರ್ಥ. ಜುಲೈ ಮಧ್ಯಕ್ಕೆ ಆಡಿ ಶುರು. ಅದಕ್ಕೆ ಮೊದಲು ಆಡಿಟ್ ಮುಗಿಸಿದರೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿದರೂ ಒಂದೇ ಮನೆಯ ಸಂಗ್ರಹ ಭದ್ರವಲ್ಲ. ತಿರುವಾರೂರು ಜಿಲ್ಲೆಯ ತಿರುತ್ತುರೈಪೂಂಡಿಯ ನೆಲ್ ಜಯರಾಮನ್ ಅವರ ಹೆಸರನ್ನು ಇಲ್ಲಿನ ಓದುಗರು ಕೇಳಿರಬಹುದು. ನೂರೆಪ್ಪತ್ತಕ್ಕೂ ಹೆಚ್ಚು ನಾಟಿ ಭತ್ತದ ತಳಿ ಉಳಿಸಿದವರು, 2018ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರ ಭತ್ತದ ಹಬ್ಬದಲ್ಲಿ ರೈತನಿಗೆ ಎರಡು ಕಿಲೋ ಬೀಜ ಉಚಿತ. ಒಂದೇ ಷರತ್ತು, ಮುಂದಿನ ವರ್ಷ ನಾಲ್ಕು ಕಿಲೋ ತಂದುಕೊಡಬೇಕು. ಶೇಕಡಾ ನೂರು ಬಡ್ಡಿ! ಯಾವ ಬ್ಯಾಂಕಿಗೂ ರಿಸರ್ವ್ ಬ್ಯಾಂಕ್ ಇದಕ್ಕೆ ಅನುಮತಿ ಕೊಡದು. ಆದರೆ ಕೊಟ್ಟವನಿಗೂ ಪಡೆದವನಿಗೂ ನಷ್ಟವಿಲ್ಲದ ಸಾಲ ಇದೊಂದೇ. ಆ ಮನುಷ್ಯ ಹೋದರೂ ತಳಿಗಳು ಹೋಗಲಿಲ್ಲ, ಯಾಕೆಂದರೆ ಅವು ಅವರ ಮನೆಯ ಡಬ್ಬಿಯಲ್ಲಿ ಮಾತ್ರ ಇರಲಿಲ್ಲ, ಸಾವಿರಾರು ಗದ್ದೆಗಳಲ್ಲಿದ್ದವು.

ಬೀಜ ಹಂಚುವುದಕ್ಕೆ ಕಾನೂನಿನ ತೊಡಕಿದೆಯೇ ಎಂದು ಕೆಲವರು ಕೇಳುತ್ತಾರೆ. 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೇ ಕಲಂ ಪ್ರಕಾರ ರೈತ ತನ್ನ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೇ.

ಹಾಗಾಗಿ ನನ್ನ ಸೂಚನೆ ಚಿಕ್ಕದು. ಚೆನ್ನೈ ಕನ್ನಡಿಗರು ಸಂಕ್ರಾಂತಿಗೆ ಮನೆಮನೆಗೆ ಎಳ್ಳು ಬೀರುತ್ತೇವೆ. ನಮ್ಮ ಕರಾವಳಿಯಲ್ಲಿ ಆ ಪದ್ಧತಿ ಇರಲಿಲ್ಲ, ಇಲ್ಲಿಗೆ ಬಂದ ಮೇಲೆ ಮೈಸೂರು ಕಡೆಯವರಿಂದ ಕಲಿತೆವು. ಆ ಎಳ್ಳು ಹುರಿದದ್ದು, ಮೊಳೆಯುವುದಿಲ್ಲ. ಗೌರಿ ಹಬ್ಬದ ಬಾಗಿನದಲ್ಲಿಡುವ ಬೇಳೆಯೂ ಮೊಳೆಯುವುದಿಲ್ಲ. ಅದರ ಜೊತೆ ಮೊಳೆಯುವ ಹತ್ತು ಕಾಳು ಒಂದು ಚಿಕ್ಕ ಪೊಟ್ಟಣದಲ್ಲಿ ಇಟ್ಟರೆ ಖರ್ಚೇನು? ಕನ್ನಡ ಸಂಘಗಳ ರಾಜ್ಯೋತ್ಸವದಲ್ಲಿ ಊಟದ ಹಾಲಿನ ಮೂಲೆಯಲ್ಲಿ ಒಂದು ಮೇಜು ಹಾಕಿದರೆ ಸಾಲದೇ? ಧಾರವಾಡದವರ ಬದನೆ, ಹಾಸನದವರ ಅವರೆ, ನಮ್ಮ ಕಡೆಯ ಹರಿವೆ. ಈ ಊರಿನಲ್ಲಿ ಮುವ್ವತ್ತು ಮನೆ ಸೇರಿದರೆ ಅರ್ಧ ಕರ್ನಾಟಕದ ಹಿತ್ತಿಲು ಇಲ್ಲೇ ಆಗುತ್ತದೆ.

ಊರಿನಲ್ಲಿ ಬೀಜ ಇಡುವ ಕೈಗಳಿಗೆ ವಯಸ್ಸಾಗುತ್ತಿದೆ. ಅವರ ಮಕ್ಕಳು ನಾವೇ, ಇಲ್ಲಿ ಬಂದು ಕೂತಿದ್ದೇವೆ. ಮುಂದಿನ ಸಲ ಊರಿಗೆ ಹೋದಾಗ ಹಪ್ಪಳ, ಉಪ್ಪಿನಕಾಯಿ, ಬಾಳೆಕಾಯಿ ಚಿಪ್ಸಿನ ಜೊತೆ ಒಂದು ಹಿಡಿ ಬೀಜವನ್ನೂ ಕೇಳಿ ತನ್ನಿ. ಹೆಸರು, ತಾರೀಖು ಬರೆದಿಡಿ. ಬಿತ್ತಿ. ಎರಡು ವರ್ಷದೊಳಗೆ ಕೊಟ್ಟವರಿಗೆ ಎರಡು ಹಿಡಿ ವಾಪಸು ಕೊಡಿ. ಏನಂತೀರಿ?